ಎತ್ತುವ ಕೈ, ಇಡುವ ಕೈ

ಪಂಚಸಮಿತಿಗಳಲ್ಲಿ ನಾಲ್ಕನೆಯದು ಆದಾನನಿಕ್ಷೇಪಣ ಸಮಿತಿ. ಶಾಸ್ತ್ರವಾಗಲಿ ಕಮಂಡಲುವಾಗಲಿ, ಅದನ್ನು ಎತ್ತುವಾಗಲೂ ಕೆಳಗಿಡುವಾಗಲೂ ಕಣ್ಣಿಟ್ಟು ನೋಡಿ, ಇಡುವ ಸ್ಥಳವನ್ನು ಪಿಂಛಿಯಿಂದ ಮೃದುವಾಗಿ ಸವರಿ, ಯಾವ ಜೀವಿಗೂ ನೋವಾಗದಂತೆ ನಡೆದುಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಮುನಿಗಳಿಗೆ ವಿಧಿಸಿದ ಈ ಎಚ್ಚರವು ಗೃಹಸ್ಥರ ಬದುಕಿಗೆ ದೂರದ ಮಾತೆಂದು ತೋರಬಹುದು. ಆದರೆ ವಸ್ತುಗಳನ್ನು ಎತ್ತುವುದು, ಇಡುವುದು, ಇಟ್ಟದ್ದನ್ನು ಕಾಯುವುದು, ಇವನ್ನೇ ವೃತ್ತಿಯಾಗಿ ಮಾಡಿಕೊಂಡ ಒಂದು ವರ್ಗದ ಜನರು ಲೋಕದಲ್ಲಿದ್ದಾರೆ. ಅವರು ಕಲಾ ಸಂಗ್ರಹಾಲಯಗಳ ನೌಕರರು. ಅವರಲ್ಲಿ ಹೆಚ್ಚಿನವರು ಈ ಸಮಿತಿಯ ಹೆಸರನ್ನು ಕೇಳಿದವರಲ್ಲ. ಆದರೂ ಅದರ ಬಾಹ್ಯಾಚರಣೆಯನ್ನು ಪ್ರತಿದಿನವೂ ಪಾಲಿಸುತ್ತಾರೆ. ಒಂದು ರಾತ್ರಿ ಅದು ತಪ್ಪಿದರೆ ಏನಾಗುತ್ತದೆ, ಆ ತಪ್ಪಿಗೆ ಯಾರು ಹೊಣೆ ಎಂಬುದನ್ನು ತಿಳಿಯಲು ಅಮೆರಿಕದ ಬಾಸ್ಟನ್ ನಗರದ ಒಂದು ಚಿಕ್ಕ ಸಂಗ್ರಹಾಲಯದ ಒಳಬದುಕನ್ನು ನೋಡುವುದು ಉಚಿತ.

ಆ ಸಂಸ್ಥೆಯ ಹೆಸರು ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್‌ನರ್ ಸಂಗ್ರಹಾಲಯ. 1840ರಲ್ಲಿ ಜನಿಸಿದ ಈ ಶ್ರೀಮಂತ ಮಹಿಳೆ ತನ್ನ ಏಕೈಕ ಪುತ್ರನನ್ನು ಶೈಶವದಲ್ಲಿಯೇ ಕಳೆದುಕೊಂಡವಳು. ಮುಂದೆ ಪತಿಯೊಡನೆ ದೇಶವಿದೇಶಗಳನ್ನು ಸುತ್ತಿ ಚಿತ್ರ, ಶಿಲ್ಪ, ನೇಯ್ಗೆ, ಗ್ರಂಥಗಳನ್ನು ಸಂಗ್ರಹಿಸಿದಳು. ಪತಿಯ ಮರಣಾನಂತರ ವೆನಿಸ್ ನಗರದ ಅರಮನೆಗಳ ಮಾದರಿಯಲ್ಲಿ, ನಡುವೆ ಗಾಜಿನ ಮಾಡಿನ ಅಂಗಳವಿರುವ ಕಟ್ಟಡವೊಂದನ್ನು ಕಟ್ಟಿಸಿ 1903ರಲ್ಲಿ ಸಾರ್ವಜನಿಕರಿಗೆ ತೆರೆದಳು. ಅದರ ಮೇಲಂತಸ್ತಿನಲ್ಲಿಯೇ ತಾನು ವಾಸವಾಗಿದ್ದಳು. 1924ರಲ್ಲಿ ಆಕೆ ತೀರಿಕೊಂಡಾಗ ಉಯಿಲಿನಲ್ಲಿ ಒಂದು ಕಟ್ಟುನಿಟ್ಟಿನ ಷರತ್ತು ಇತ್ತು: ತಾನು ಇಟ್ಟ ವಸ್ತುಗಳ ಜೋಡಣೆಯನ್ನು ಶಾಶ್ವತವಾಗಿ ಬದಲಿಸಬಾರದು, ಬದಲಿಸಿದರೆ ಇಡೀ ಸಂಗ್ರಹವು ಹಾರ್ವರ್ಡ್ ವಿಶ್ವವಿದ್ಯಾಲಯದ ಪಾಲಾಗಬೇಕು.

ಅಲ್ಲಿಂದ ನಡೆದುಹೋಗುವಷ್ಟೇ ದೂರದಲ್ಲಿರುವುದು ಬಾಸ್ಟನ್ನಿನ ದೊಡ್ಡ ಲಲಿತಕಲಾ ಸಂಗ್ರಹಾಲಯ. ಆನಂದ ಕುಮಾರಸ್ವಾಮಿಯವರು 1917ರಿಂದ 1947ರಲ್ಲಿ ತೀರಿಕೊಳ್ಳುವವರೆಗೆ ಸೇವೆ ಸಲ್ಲಿಸಿದ್ದು ಅಲ್ಲಿಯೇ. ಅಲ್ಲಿನ ಜೈನ ಚಿತ್ರಗಳು ಮತ್ತು ಹಸ್ತಪ್ರತಿಗಳ ಬಗೆಗೆ ಅವರು ಸಿದ್ಧಪಡಿಸಿದ ಸೂಚಿಯು 1924ರಲ್ಲಿ, ಎಂದರೆ ಗಾರ್ಡ್‌ನರ್ ತೀರಿಕೊಂಡ ವರ್ಷದಲ್ಲಿಯೇ ಪ್ರಕಟವಾಯಿತು. ಸಾಗರದಾಚೆಗೆ ಹೋದ ಕಲ್ಪಸೂತ್ರದ ಪತ್ರಗಳು ಇಂದಿಗೂ ಕೆಡದೆ ಉಳಿದಿದ್ದರೆ ಅದಕ್ಕೆ ಸೂಚಿ ಬರೆದ ವಿದ್ವಾಂಸರೊಡನೆ ಅವನ್ನು ಎತ್ತಿ ಇಟ್ಟ ಅನಾಮಧೇಯ ಕೈಗಳೂ ಕಾರಣವೆಂಬುದನ್ನು ಮರೆಯಲಾಗದು.

ಸಂಗ್ರಹಾಲಯಕ್ಕೆ ಬರುವ ಪ್ರೇಕ್ಷಕನು ಬಾಗಿಲು ತೆರೆದ ಮೇಲೆ ಬರುತ್ತಾನೆ. ಆ ಹೊತ್ತಿಗೆ ಅರ್ಧ ದಿನದ ಕೆಲಸ ಮುಗಿದಿರುತ್ತದೆ. ಬೆಳಗಿನ ಪಾಳಿಯವರು ಕೋಣೆ ಕೋಣೆಗೂ ಹೋಗಿ ಹಿಂದಿನ ದಿನ ಇದ್ದುದೆಲ್ಲವೂ ಇದ್ದಲ್ಲಿಯೇ ಇದೆಯೇ ಎಂದು ನೋಡಬೇಕು. ಗೋಡೆಯ ಮೇಲೆ ತೇವದ ಕಲೆ ಮೂಡಿದೆಯೇ, ಚೌಕಟ್ಟಿನ ಕೆಳಗೆ ಬಣ್ಣದ ಚಕ್ಕೆ ಬಿದ್ದಿದೆಯೇ, ಮರದ ಪೀಠದ ಬುಡದಲ್ಲಿ ಹುಳು ಕೊರೆದ ಹುಡಿ ಕಾಣುತ್ತಿದೆಯೇ ಎಂದು ಪರೀಕ್ಷಿಸಬೇಕು. ನೆಲ ಗುಡಿಸುವವನಿಗೂ ಇಲ್ಲಿ ವಿಶೇಷ ಶಿಕ್ಷಣ ಬೇಕು. ಕಸದಲ್ಲಿ ಕಂಡ ಒಂದು ಚಕ್ಕೆ ಐದುನೂರು ವರ್ಷ ಹಿಂದಿನ ಚಿತ್ರದಿಂದ ಉದುರಿದುದಿರಬಹುದು. ಅದನ್ನು ಗುಡಿಸಿ ಬಿಸಾಡದೆ, ಬಿದ್ದ ಸ್ಥಳವನ್ನು ಗುರುತಿಸಿ, ಸಂರಕ್ಷಣಾ ತಜ್ಞರಿಗೆ ತಿಳಿಸುವವನೇ ನಿಜವಾದ ನೌಕರ.

ಗಾರ್ಡ್‌ನರ್ ಸಂಗ್ರಹಾಲಯದಲ್ಲಿ ತೋಟಗಾರರ ಕೆಲಸವೂ ಅಷ್ಟೇ ನಿಷ್ಠೆಯದು. ಸಂಸ್ಥಾಪಕಿಯ ಜನ್ಮದಿನವಾದ ಏಪ್ರಿಲ್ 14ರ ಆಸುಪಾಸಿನಲ್ಲಿ, ಅಂಗಳದ ಮೇಲಿನ ಕಿಟಕಿಗಳಿಂದ ಕಿತ್ತಳೆ ಬಣ್ಣದ ನಸ್ಟರ್ಷಿಯಂ ಹೂಬಳ್ಳಿಗಳನ್ನು ಇಳಿಬಿಡುವುದು ಆಕೆಯ ಕಾಲದಿಂದ ಬಂದ ಸಂಪ್ರದಾಯ. ಒಂದೊಂದು ಬಳ್ಳಿ ಸುಮಾರು 20 ಅಡಿ ಉದ್ದವಿರುತ್ತದೆ. ಹಿಂದಿನ ವರ್ಷದ ಬೇಸಗೆಯಲ್ಲಿ ಬೀಜ ಬಿತ್ತಿ, ಚಳಿಗಾಲವಿಡೀ ಗಾಜಿನ ಮನೆಯಲ್ಲಿ ಸಾಕಿ, ಬಳ್ಳಿಗಳು ಒಂದಕ್ಕೊಂದು ತೊಡರಿಕೊಳ್ಳದಂತೆ ನೋಡಿಕೊಂಡು, ಕೊನೆಗೆ ಹಲವರು ಸೇರಿ ಹೆಗಲ ಮೇಲೆ ಹೊತ್ತು ಕಿಟಕಿಯವರೆಗೆ ಒಯ್ಯಬೇಕು. ಆ ಶೋಭೆ ಇರುವುದು ಕೆಲವೇ ವಾರಗಳ ಕಾಲ. ಹೂ ಬಾಡಿದ ಮೇಲೆ ಅದೇ ಕೈಗಳು ಮುಂದಿನ ವರ್ಷದ ಬೀಜಕ್ಕೆ ಅಣಿಯಾಗುತ್ತವೆ. ಫಲವು ಕ್ಷಣಿಕವೆಂದು ತಿಳಿದೂ ಕರ್ತವ್ಯದಲ್ಲಿ ಶೈಥಿಲ್ಯ ತೋರದಿರುವುದು ಸಾಮಾನ್ಯ ಗುಣವಲ್ಲ.

ಇನ್ನು ವಸ್ತುಗಳನ್ನು ಎತ್ತಿ ಇಡುವವರ ಶಿಸ್ತನ್ನು ನೋಡಬೇಕು. ಎಲ್ಲಿ ಇಡಬೇಕೆಂಬುದು ನಿಶ್ಚಯವಾಗದೆ ಯಾವುದನ್ನೂ ಎತ್ತಕೂಡದೆಂಬುದು ಅವರ ಮೊದಲ ನಿಯಮ. ದಾರಿಯಲ್ಲಿ ಅಡಚಣೆಯಿದೆಯೇ, ಬಾಗಿಲು ತೆರೆದಿದೆಯೇ, ಇಡುವ ಮೇಜಿನ ಮೇಲೆ ಮೆತ್ತೆ ಹಾಸಿದೆಯೇ ಎಂದು ಮೊದಲೇ ನೋಡಿರಬೇಕು. ಎತ್ತುವವನ ಕೈಯಲ್ಲಿ ಉಂಗುರ, ಗಡಿಯಾರ ಇರಬಾರದು. ಪಾತ್ರೆಯನ್ನು ಹಿಡಿಯಿಂದಲಾಗಲಿ ಕಂಠದಿಂದಲಾಗಲಿ ಎತ್ತದೆ ತಳಕ್ಕೆ ಅಂಗೈ ಕೊಟ್ಟು ಎರಡು ಕೈಗಳಿಂದ ಎತ್ತಬೇಕು. ಪ್ರತಿಮೆಯನ್ನು ಅದರ ತೋಳು ಹಿಡಿದು ಎತ್ತಬಾರದು. ಒಮ್ಮೆಗೆ ಒಂದೇ ವಸ್ತು. ಲೋಹವನ್ನು ಮುಟ್ಟುವಾಗ ಕೈಗವಸು ಬೇಕು, ಏಕೆಂದರೆ ಬೆರಳಿನ ಬೆವರಿನ ಉಪ್ಪು ಲೋಹವನ್ನು ತಿನ್ನುತ್ತದೆ. ಹಳೆಯ ಕಾಗದದ ಪುಟವನ್ನಾದರೋ ಚೆನ್ನಾಗಿ ತೊಳೆದು ಒರೆಸಿದ ಬರಿಗೈಯಿಂದ ತಿರುಗಿಸುವುದೇ ಲೇಸು, ಏಕೆಂದರೆ ಬಟ್ಟೆಯ ಕೈಗವಸಿಗೆ ಪುಟದ ಅಂಚು ಎಷ್ಟು ಬಡಕಲಾಗಿದೆಯೆಂಬುದು ತಿಳಿಯದು. ಒಂದೇ ಎಚ್ಚರವು ಒಂದೆಡೆ ಕೈಗೆ ಹೊದಿಕೆಯನ್ನೂ ಇನ್ನೊಂದೆಡೆ ಬರಿಗೈಯನ್ನೂ ಬೇಡುತ್ತದೆ. ವಸ್ತುವಿನ ಸ್ವಭಾವವನ್ನು ಅರಿಯದೆ ಕೇವಲ ನಿಯಮವನ್ನು ಪಾಲಿಸುವವನು ಕಾಪಾಡಲು ಹೋಗಿ ಕೆಡಿಸಿಯಾನು.

ಬೆಳಕಿನ ವಿಷಯವೂ ಹಾಗೆಯೇ. ಕಾಗದ, ರೇಷ್ಮೆ, ಸಸ್ಯಮೂಲದ ಬಣ್ಣ ಇವುಗಳಿಗೆ ಬೆಳಕು ಮಾಡುವ ಹಾನಿ ದಿನದಿಂದ ದಿನಕ್ಕೆ ಕೂಡುತ್ತ ಹೋಗುತ್ತದೆ. ಕತ್ತಲಲ್ಲಿಟ್ಟರೆ ಹಾನಿ ನಿಲ್ಲಬಹುದು, ಆದರೆ ಆದ ಹಾನಿ ಹಿಂದಿರುಗದು. ಆದುದರಿಂದ ಇಂತಹ ವಸ್ತುಗಳ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ ಮೀರಬಾರದೆಂಬ ಪದ್ಧತಿ ಬೆಳೆದುಬಂದಿದೆ. ಗಾರ್ಡ್‌ನರ್ ಸಂಗ್ರಹಾಲಯದ ಕೋಣೆಗಳಲ್ಲಿ ಮಬ್ಬು ಬೆಳಕೇ ಹೆಚ್ಚು. ಸರಿಯಾಗಿ ಕಾಣುವುದಿಲ್ಲವೆಂದು ಪ್ರೇಕ್ಷಕರು ಗೊಣಗಿದರೆ ಅದನ್ನು ಕೇಳಿಸಿಕೊಳ್ಳಬೇಕಾದವನು ಬಾಗಿಲ ಬಳಿ ನಿಂತ ಕಾವಲುಗಾರನೇ. ಇಂದು ನೋಡುವವನ ಸಂತೋಷವನ್ನು ಸ್ವಲ್ಪ ಮೊಟಕುಗೊಳಿಸಿ, ಇನ್ನು ನೂರು ವರ್ಷದ ಮೇಲೆ ಬರುವವನ ಪಾಲನ್ನು ಉಳಿಸುವ ಏರ್ಪಾಡು ಅದು.

ಎತ್ತಿದ್ದಕ್ಕೂ ಇಟ್ಟದ್ದಕ್ಕೂ ಲೆಕ್ಕವಿರಬೇಕು. ಸಂಗ್ರಹಾಲಯದೊಳಗೆ ಬಂದ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ, ಅಳತೆ, ಛಾಯಾಚಿತ್ರ, ಎಲ್ಲಿಂದ ಯಾರಿಂದ ಬಂತೆಂಬ ವಿವರ, ಈಗ ಯಾವ ಕಪಾಟಿನ ಯಾವ ಹಲಗೆಯ ಮೇಲಿದೆಯೆಂಬ ನಮೂದು ಇರುತ್ತದೆ. ಒಂದು ದಿನದ ಮಟ್ಟಿಗೆ ತೆಗೆದರೂ ಅದರ ಸ್ಥಳದಲ್ಲಿ ಚೀಟಿ ಇಡಬೇಕು. ಈ ಕೆಲಸ ನೀರಸ. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳವಿನ ವಸ್ತುವನ್ನು ಕೊಳ್ಳುವುದನ್ನೂ ಎಣಿಸಿದ ಆಚಾರ್ಯರು ಈ ದಾಖಲೆ ಪುಸ್ತಕದ ಮಹತ್ವವನ್ನು ತಕ್ಷಣ ಮನಗಾಣುತ್ತಿದ್ದರು. ಇನ್ನೊಬ್ಬರು ನಂಬಿ ಇಟ್ಟದ್ದನ್ನು ಮರೆಸುವುದೂ ಅಪಹಾರವೇ. ಬರೆದಿಡದಿರುವುದು ಆ ಮರೆವಿಗೆ ಬಾಗಿಲು ತೆರೆಯುತ್ತದೆ.

ಕೀಟಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಉಣ್ಣೆಯ ತೂಗುಬಟ್ಟೆಗೆ ನುಸಿ, ಕಾಗದಕ್ಕೆ ಬೆಳ್ಳಿಹುಳು, ಮರಕ್ಕೆ ಗೆದ್ದಲು ಎಲ್ಲ ದೇಶಗಳಲ್ಲಿಯೂ ಉಂಟು. ಹಿಂದೆ ಅನೇಕ ಸಂಗ್ರಹಾಲಯಗಳಲ್ಲಿ ಪಾಷಾಣ, ಪಾದರಸದ ಲವಣ, ಡಿಡಿಟಿ ಮೊದಲಾದ ವಿಷಗಳನ್ನು ಧಾರಾಳವಾಗಿ ಬಳಸಿದರು. ಕೀಟಗಳೇನೋ ಸತ್ತವು, ಆದರೆ ವಿಷವು ವಸ್ತುಗಳಲ್ಲಿಯೇ ಉಳಿದು, ಅವನ್ನು ಮುಟ್ಟಿ ಕೆಲಸ ಮಾಡುವ ನೌಕರರ ಆರೋಗ್ಯಕ್ಕೇ ಅಪಾಯವಾಯಿತು. ಆದುದರಿಂದ ಈಗ ಒತ್ತು ಬಿದ್ದಿರುವುದು ತಡೆಗಟ್ಟುವುದರ ಮೇಲೆ. ಉಗ್ರಾಣದಲ್ಲಿ ತಿಂಡಿ ತಿನ್ನಬಾರದು, ಹೂಗುಚ್ಛ ತರಬಾರದು, ಹೊಸದಾಗಿ ಬಂದ ವಸ್ತುವನ್ನು ಕೆಲವು ದಿನ ಪ್ರತ್ಯೇಕವಾಗಿ ಇರಿಸಬೇಕು, ಕಿಟಕಿಯ ಸಂದುಗಳನ್ನು ಮುಚ್ಚಬೇಕು, ಧೂಳು, ತೇವ ಇರದಂತೆ ನೋಡಬೇಕು. ಇಷ್ಟಾದ ಮೇಲೂ ಹುಳು ಹೊಕ್ಕರೆ ವಸ್ತುವನ್ನು ತೀವ್ರ ಶೈತ್ಯದಲ್ಲಿಡುವ ಅಥವಾ ಆಮ್ಲಜನಕವಿಲ್ಲದ ಚೀಲದಲ್ಲಿಡುವ ವಿಧಾನಗಳಿವೆ. ಇವೂ ಹಿಂಸೆಯೇ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊಲ್ಲುವ ಪ್ರಸಂಗವೇ ಬಾರದಂತೆ ಮುಂಚಿತವಾಗಿ ಶ್ರಮಿಸುವುದು ಗುಡಿಸುವವರ, ಒರೆಸುವವರ ಕೈಯಲ್ಲಿದೆ. ಸೋಮಾರಿತನದಿಂದ ಬೆಳೆದ ಹುಳುವನ್ನು ವಿಷವಿಟ್ಟು ಕೊಲ್ಲುವಲ್ಲಿ ಮೊದಲ ದೋಷವು ವಿಷವಿಟ್ಟ ದಿನದ್ದಲ್ಲ, ಗುಡಿಸದೆ ಬಿಟ್ಟ ದಿನದ್ದು.

ಈ ಎಲ್ಲ ನೌಕರರಲ್ಲಿ ಪ್ರೇಕ್ಷಕರ ಕಣ್ಣಿಗೆ ಬೀಳುವವನು ಕಾವಲುಗಾರನೊಬ್ಬನೇ. ಆದರೂ ಅವನನ್ನು ಯಾರೂ ನೋಡುವುದಿಲ್ಲ. ಗಾರ್ಡ್‌ನರ್ ಸಂಗ್ರಹಾಲಯದಲ್ಲಿ ಚಿತ್ರಗಳ ಪಕ್ಕದಲ್ಲಿ ಹೆಸರಿನ ಫಲಕಗಳಿಲ್ಲ. ಸಂಸ್ಥಾಪಕಿ ಅವನ್ನು ಹಾಕಿಸಿರಲಿಲ್ಲ. ಹೀಗಾಗಿ ಇದು ಯಾರ ಚಿತ್ರ, ಅದು ಯಾವ ಕಾಲದ ಪೀಠೋಪಕರಣ ಎಂದು ಜನರು ಕೇಳುವುದು ಅವನನ್ನೇ. ದಿನಕ್ಕೆ ಎಂಟು ಗಂಟೆ ಒಂದೇ ಕೋಣೆಯಲ್ಲಿ ನಿಲ್ಲುವವನಿಗೆ ಆ ಚಿತ್ರಗಳೊಡನೆ ಆಗುವ ಪರಿಚಯವು ವಿದ್ವಾಂಸನ ಪರಿಚಯಕ್ಕಿಂತ ಭಿನ್ನವಾದುದು. ಮಧ್ಯಾಹ್ನದ ಬಿಸಿಲು ಯಾವ ತಿಂಗಳಲ್ಲಿ ಯಾವ ಮುಖದ ಮೇಲೆ ಬೀಳುತ್ತದೆಂಬುದನ್ನು ಅವನು ಬಲ್ಲ. ಈ ಅರಿವಿಗೂ ಬೆಲೆಯುಂಟೆಂದು ಮನಗಂಡ ಬಾಲ್ಟಿಮೋರ್ ನಗರದ ಕಲಾ ಸಂಗ್ರಹಾಲಯವು 2022ರಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿ, ಚಿತ್ರಗಳ ಆಯ್ಕೆಯನ್ನು ತನ್ನ 17 ಮಂದಿ ಕಾವಲು ಸಿಬ್ಬಂದಿಗೆ ಒಪ್ಪಿಸಿತು. ಎಷ್ಟೋ ವರ್ಷ ಕಾದ ವಸ್ತುಗಳ ಬಗ್ಗೆ ಅವರ ಮಾತನ್ನೂ ಕೇಳುವ ದಿನ ಕಡೆಗೂ ಬಂತು.

ಅಂತಹ ಮನ್ನಣೆ ಬರುವುದಕ್ಕೆ ಮೂರು ದಶಕ ಮೊದಲು, 1990ರ ಮಾರ್ಚ್ 18ರ ನಡುರಾತ್ರಿ ಕಳೆದ ಮೇಲೆ, ಗಾರ್ಡ್‌ನರ್ ಸಂಗ್ರಹಾಲಯದಲ್ಲಿ ಇಬ್ಬರೇ ಕಾವಲುಗಾರರಿದ್ದರು. ಇಬ್ಬರೂ ಇಪ್ಪತ್ತರ ಹರೆಯದ ತರುಣರು. ರಾತ್ರಿ 1 ಗಂಟೆ 24 ನಿಮಿಷಕ್ಕೆ ಪೊಲೀಸ್ ಉಡುಪಿನ ಇಬ್ಬರು ಪಕ್ಕದ ಬಾಗಿಲಿಗೆ ಬಂದು, ಗಲಭೆಯ ದೂರು ಬಂದಿದೆ, ಒಳಗೆ ಬಿಡಿ ಎಂದರು. ರಾತ್ರಿ ಯಾರನ್ನೂ ಒಳಗೆ ಬಿಡಬಾರದೆಂಬ ನಿಯಮವಿತ್ತು. ಮೇಜಿನ ಬಳಿಯಿದ್ದ ತರುಣ ಉಡುಪನ್ನು ನೋಡಿ ಬಾಗಿಲು ತೆರೆದ. ಹೊರಗಿನ ಪೊಲೀಸರಿಗೆ ಸುದ್ದಿ ಮುಟ್ಟಿಸುವ ಗುಂಡಿ ಇದ್ದುದು ಆ ಮೇಜಿನಲ್ಲಿ ಮಾತ್ರ. ಬಂದವರು ಉಪಾಯದಿಂದ ಅವನನ್ನು ಅಲ್ಲಿಂದ ಎಬ್ಬಿಸಿದರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರು ಕಾವಲುಗಾರರನ್ನೂ ನೆಲಮಾಳಿಗೆಯಲ್ಲಿ ಕಟ್ಟಿಹಾಕಲಾಗಿತ್ತು. ಕಳ್ಳರು ಒಳಗಿದ್ದುದು 81 ನಿಮಿಷ. ಒಯ್ದುದು 13 ವಸ್ತುಗಳು. ರೆಂಬ್ರಾಂಟ್ ಬರೆದ ಏಕೈಕ ಸಮುದ್ರಚಿತ್ರ, ವರ್ಮೀರನ ‘ಸಂಗೀತಗೋಷ್ಠಿ’, ಮಾನೆಯ ಒಂದು ಚಿತ್ರ, ದೆಗಾನ ಐದು ರಚನೆಗಳು, ಚೀನಾದ ಒಂದು ಪ್ರಾಚೀನ ಕಂಚಿನ ಪಾತ್ರೆ ಅವುಗಳಲ್ಲಿ ಸೇರಿದ್ದವು. ರೆಂಬ್ರಾಂಟನ ಆ ಚಿತ್ರವನ್ನು ಅವರು ಚೌಕಟ್ಟಿನಿಂದ ಕತ್ತರಿಸಿ ತೆಗೆದರು. ಎತ್ತುವ ಮೊದಲು ಇಡುವ ಜಾಗ ನೋಡುತ್ತಿದ್ದ ಕೈಗಳ ಎಷ್ಟೋ ವರ್ಷಗಳ ಶ್ರಮ ಒಂದು ಚೂರಿಯ ಎಳೆತಕ್ಕೆ ಮುಗಿಯಿತು. ಮರುದಿನ ಬೆಳಗಿನ ಪಾಳಿಯವರು ಬಂದಾಗ ಒಳಗಿನಿಂದ ಉತ್ತರವಿರಲಿಲ್ಲ.

ಆ ವಸ್ತುಗಳಲ್ಲಿ ಒಂದೂ ಇಂದಿನವರೆಗೆ ಮರಳಿಲ್ಲ. ಸುಳಿವು ಕೊಟ್ಟವರಿಗೆ ಘೋಷಿಸಿದ ಬಹುಮಾನವು 2017ರಲ್ಲಿ ಒಂದು ಕೋಟಿ ಡಾಲರಿಗೆ ಏರಿತು. ಖಾಲಿ ಚೌಕಟ್ಟುಗಳು ಮಾತ್ರ, ಚಿತ್ರಗಳು ಮರಳಿ ಬಂದಾವೆಂಬ ಆಶೆಯ ಗುರುತಾಗಿ, ಮೊದಲಿನ ಸ್ಥಳಗಳಲ್ಲಿಯೇ ತೂಗುತ್ತಿವೆ. ಅವುಗಳ ಧೂಳನ್ನೂ ಯಾರೋ ಒಬ್ಬರು ಒರೆಸಬೇಕು.

ಬಾಗಿಲು ತೆರೆದ ತರುಣನ ಮೇಲೆ ದಶಕಗಳ ಕಾಲ ಸಂಶಯದ ನೆರಳು ಬಿದ್ದಿತ್ತು. ಅವನ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಆದರೆ ಲೋಕವು ಅವನನ್ನು ಬಿಡಲಿಲ್ಲ. ಅವನದು ಪ್ರಮಾದವೆಂಬುದು ನಿಜ. ಆದರೆ ಪ್ರಮಾದದ ಮೂಲವನ್ನು ಹುಡುಕುವವರು ಬಾಗಿಲ ಬಳಿಯೇ ನಿಂತುಬಿಡುವುದು ನ್ಯಾಯವಲ್ಲ. ಇಷ್ಟು ದೊಡ್ಡ ನಿಧಿಗೆ ರಾತ್ರಿಯ ಕಾವಲು ಇಬ್ಬರು ಅನನುಭವಿ ತರುಣರೇ ಏಕೆ ಆಗಿದ್ದರು? ಎಚ್ಚರಿಕೆಯ ಗುಂಡಿ ಒಂದೇ ಏಕೆ ಇತ್ತು? ಕಾವಲುಗಾರರಿಗೆ ದೊರೆಯುತ್ತಿದ್ದುದು ಅಲ್ಪ ಸಂಬಳವೇ ಏಕಾಗಿತ್ತು? ಸಂಸ್ಥೆ ಆಗ ಹಣದ ಮುಗ್ಗಟ್ಟಿನಲ್ಲಿತ್ತು. ಕಳವಿನ ವಿಮೆಯೂ ಇರಲಿಲ್ಲ. ವಸ್ತುಗಳ ಜೋಡಣೆ ಕದಲಬಾರದೆಂದು ಉಯಿಲು ಅಷ್ಟು ಖಚಿತವಾಗಿ ಹೇಳಿತ್ತು. ಅವನ್ನು ಕಾಯುವವನ ಸ್ಥಿತಿಗತಿಯ ವಿಚಾರವು ಅಷ್ಟೇ ಖಚಿತವಾಗಿ ಯಾರ ಮನಸ್ಸಿಗೂ ಬಂದಂತೆ ಕಾಣುವುದಿಲ್ಲ. ಕಾವಲುಗಾರನ ಪ್ರಮಾದ ಒಂದು ಗಳಿಗೆಯದು. ಆಡಳಿತದ ಪ್ರಮಾದ ಹಲವು ವರ್ಷಗಳದು.

ಇದು ದೂರದೇಶದ ಕಥೆಯೆಂದು ಬದಿಗಿಡುವಂತಿಲ್ಲ. 2013ರ ಜುಲೈ ತಿಂಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗ ಸಮಾಜವೆಲ್ಲ ತಲ್ಲಣಿಸಿದ್ದು ಅನೇಕರಿಗೆ ನೆನಪಿರಬಹುದು. ನಾಡಿನ ಎಷ್ಟೋ ಬಸದಿಗಳು ಹೆಸರಿಗೆ ಮಾತ್ರ ಸಂಗ್ರಹಾಲಯಗಳಲ್ಲ. ಅಲ್ಲಿ ಪಂಚಲೋಹದ ಬಿಂಬಗಳು, ದಾನಿಗಳ ಹೆಸರು ಕೊರೆದ ಪೀಠಗಳು, ತಾಳೆಗರಿಯ ಕಟ್ಟುಗಳು ಉಂಟು. ಇವನ್ನೆಲ್ಲ ನಿತ್ಯ ಎತ್ತಿ ಇಡುವವರು ಬಸದಿಯ ಇಂದ್ರರು, ಗುಡಿಸುವ ಹೆಂಗಸರು, ರಾತ್ರಿ ಮಲಗುವ ಕಾವಲಿನವನು. ಹಿರಿಯರು ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಇಡುತ್ತಿದ್ದರು. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಹೊದಿಸಿ ಪೂಜಿಸುವ ಆಚಾರದಲ್ಲಿ ವರ್ಷಕ್ಕೊಮ್ಮೆ ಎಣಿಸಿ ನೋಡುವ ವಿವೇಕವೂ ಅಡಗಿದೆ. ಆ ದಿನ ಪೂಜೆಯ ಜೊತೆಗೆ ದಾಖಲೆ ಪುಸ್ತಕವನ್ನೂ ತೆರೆದು, ಪ್ರತಿಯೊಂದು ಕಟ್ಟನ್ನೂ ಬಿಂಬವನ್ನೂ ಅದರ ಛಾಯಾಚಿತ್ರದೊಡನೆ ಹೋಲಿಸಿ ನೋಡಿದರೆ ಆಚಾರಕ್ಕೆ ಪೂರ್ಣತೆ ಬರುತ್ತದೆ. ಪ್ರತಿಮೆಗಳು, ಸಚಿತ್ರ ಹಸ್ತಪ್ರತಿಗಳು ಮೊದಲಾದ ನಿರ್ದಿಷ್ಟ ವರ್ಗದ ಪುರಾವಸ್ತುಗಳ ನೋಂದಣಿಗೆ 1972ರ ಕಾಯಿದೆಯಲ್ಲಿಯೂ ಅವಕಾಶವಿದೆ. ಹುಣಸೆಹುಳಿ ಹಚ್ಚಿ ತಿಕ್ಕಿ ತಿಕ್ಕಿ ಬಿಂಬದ ಮುಖಲಕ್ಷಣವನ್ನೂ ಪೀಠದ ಅಕ್ಷರವನ್ನೂ ಸವೆಸುವ ರೂಢಿಯಿದ್ದರೆ, ಹಾಗೆ ಮಾಡುವವರನ್ನು ಗದರಿಸದೆ, ಅದೇಕೆ ಹಾನಿಕರವೆಂದು ತಿಳಿಯಹೇಳುವುದು ಧರ್ಮದರ್ಶಿಗಳ ಕೆಲಸ.

ಅದಕ್ಕಿಂತ ಮುಖ್ಯವಾದುದು ಕಾಯುವವರ ಯೋಗಕ್ಷೇಮ. ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಕೂಡುತ್ತದೆ. ಗೋಪುರಕ್ಕೆ, ಮಾನಸ್ತಂಭಕ್ಕೆ, ಪಂಚಕಲ್ಯಾಣಕ್ಕೆ ದಾನಿಗಳು ಮುಂದೆ ಬರುತ್ತಾರೆ. ಅವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ರಾತ್ರಿ ಕಾವಲಿನವನ ಸಂಬಳವನ್ನು ಹೆಚ್ಚಿಸಲು ಕೊಟ್ಟ ಹಣಕ್ಕೆ ಶಿಲಾಫಲಕವಿಲ್ಲ. ವಯಸ್ಸಾದವನೊಬ್ಬನ ಕೈಗೆ ಒಂದು ಕೋಲು, ಒಂದು ಬ್ಯಾಟರಿ ಕೊಟ್ಟು ಶತಮಾನಗಳ ನಿಧಿಯನ್ನು ಒಪ್ಪಿಸಿ, ಕಳುವಾದ ಮರುದಿನ ಅವನನ್ನೇ ಪ್ರಶ್ನಿಸುವ ಆಡಳಿತ ಮಂಡಳಿಯು ತನ್ನ ಪಾಲಿನ ಪ್ರತಿಕ್ರಮಣವನ್ನು ಮೊದಲು ಮಾಡಬೇಕು. ಅವನಿಗೆ ಜೊತೆಗೊಬ್ಬ ಸಹಾಯಕ, ಮಲಗಲು ಮಳೆ ಸೋರದ ಜಾಗ, ಕರೆದರೆ ಓಗೊಡುವ ನೆರೆಯವರು, ತಿಂಗಳಿಗೆ ಸರಿಯಾದ ಸಂಬಳ, ವರ್ಷಕ್ಕೊಮ್ಮೆ ಸಭೆಯಲ್ಲಿ ನಾಲ್ಕು ಮಾತಿನ ಗೌರವ ಇಷ್ಟಾದರೂ ದೊರೆಯಬೇಕು. ಪ್ರಭಾವನೆಯೆಂದರೆ ಇದೂ ಹೌದು.

ಅಪರಿಗ್ರಹವನ್ನು ಬಿಡುವುದೆಂಬ ಅರ್ಥದಲ್ಲಿಯೇ ಹೆಚ್ಚಾಗಿ ವಿವರಿಸುತ್ತಾರೆ. ಅದಕ್ಕೆ ಇನ್ನೊಂದು ಮುಖವಿರುವುದನ್ನು ಈ ನೌಕರರ ಬದುಕು ತೋರಿಸುತ್ತದೆ. ಕೋಟಿ ಬೆಲೆಯ ವಸ್ತುವನ್ನು ಅವರು ದಿನವೂ ಮುಟ್ಟುತ್ತಾರೆ. ಸಂಜೆ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ತಮ್ಮದಲ್ಲವೆಂದು ತಿಳಿದೂ ತಮ್ಮದಕ್ಕಿಂತ ಹೆಚ್ಚಿನ ಜತನದಿಂದ ಅದನ್ನು ಎತ್ತುತ್ತಾರೆ, ಇಡುತ್ತಾರೆ, ಮುಂದಿನವರ ಕೈಗೆ ಒಪ್ಪಿಸುತ್ತಾರೆ. ಬಸದಿಯ ಸಂಪತ್ತಿಗೆ ಧರ್ಮದರ್ಶಿಗಳಿರುವುದೂ ಇದೇ ಅರ್ಥದಲ್ಲಿ. ಮುಂದಿನ ಶ್ರುತಪಂಚಮಿಗೆ ಮೊದಲು ಒಂದು ದಿನ, ಪೂಜೆಯ ಗಡಿಬಿಡಿ ಇಲ್ಲದ ಹೊತ್ತಿನಲ್ಲಿ, ಟ್ರಸ್ಟಿನವರು ಬಸದಿಗೆ ಹೋಗಿ ಇಂದ್ರರನ್ನೂ ಗುಡಿಸುವವರನ್ನೂ ಕಾವಲಿನವನನ್ನೂ ಒಟ್ಟಿಗೆ ಕೂರಿಸಿಕೊಂಡು, ಯಾವುದು ಎಲ್ಲಿದೆ, ಯಾವುದಕ್ಕೆ ಏನು ಬೇಕು, ಅವರಿಗೆ ಏನು ಬೇಕು ಎಂದು ಕೇಳಲಿ. ಮೊದಲ ಎರಡು ಪ್ರಶ್ನೆಗಳಿಗೆ ಅವರ ಬಳಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮೂರನೆಯದನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಾರರು.